ಮೋರಿಯರ ಮನೆಯಿಂದ ಬಂದ ಮಡಕೆಚೂರು

ನನ್ನ ಮನೆಯ ಪುಸ್ತಕದ ಕಪಾಟಿನಲ್ಲಿ ಅಂಗೈಯಗಲದ ಒಂದು ಮಡಕೆಚೂರಿದೆ. ಹೊರಮೈ ಕೆಂಪು, ಒಳಮೈ ಕಪ್ಪು. ಮಡಕೆಯನ್ನು ಬೋರಲಾಗಿಟ್ಟು ಸುಟ್ಟಾಗ ಒಳಭಾಗಕ್ಕೆ ಗಾಳಿ ತಾಗದೆ ಈ ಬಣ್ಣ ಬರುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ. ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಇಂತಹ ಮಡಕೆಗಳು ಹೇರಳವಾಗಿ ಸಿಗುತ್ತವೆ. ಅದು ನನ್ನ ಕೈಸೇರಿದ ಬಗೆಯನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾದವು.

1981ರಲ್ಲಿ ನಾನು ಕಾರಿಮಂಗಲದಲ್ಲಿ ತರುಣ ಅಧ್ಯಾಪಕ. ಒಂಬತ್ತನೆಯ ತರಗತಿಯ ಹುಡುಗರನ್ನು ಶೂಳಗಿರಿ ಕಡೆಯ ಮಲ್ಲಚಂದ್ರದ ಬೆಟ್ಟಕ್ಕೆ ಪ್ರವಾಸ ಕರೆದೊಯ್ದಿದ್ದೆ. ಕೃಷ್ಣಗಿರಿ ಆಗಿನ್ನೂ ನಮ್ಮ ಧರ್ಮಪುರಿ ಜಿಲ್ಲೆಯಲ್ಲಿಯೇ ಇತ್ತು, ಬೇರೆಯಾದದ್ದು 2004ರಲ್ಲಿ. ಆ ಬಂಡೆಗೆ ತಮಿಳಿನಲ್ಲಿ ಮೋರಲ್ ಪಾರೈ ಎಂದು ಹೆಸರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂತಹವೇ ನೂರಾರು ಕಲ್ಮನೆಗಳಿರುವ ಬೆಟ್ಟವನ್ನು ಜನ ಮೋರಿಯರ ಗುಡ್ಡ ಎನ್ನುತ್ತಾರೆ, ಕೊಡಗಿನಲ್ಲಿ ಮೋರಿಬೆಟ್ಟವಿದೆ. ಹೆಸರುಗಳು ನನ್ನ ಕಿವಿಗಂತೂ ಒಂದೇ ಮಾತಿನಂತೆ ಕೇಳುತ್ತವೆ. ಮೋರಿಯರೆಂದರೆ ಕುಳ್ಳರು, ಆದರೆ ಮಹಾ ಬಲಶಾಲಿಗಳು ಎಂಬುದು ಕನ್ನಡ ನಾಡಿನ ಕಥೆ. ಕಲ್ಮನೆಯ ಗೋಡೆಯಲ್ಲಿ ಕೊರೆದ ದುಂಡು ಕಿಂಡಿಯನ್ನು ಕಂಡ ನಮ್ಮ ಹುಡುಗರೂ ಅದು ಕುಳ್ಳರ ಬಾಗಿಲೆಂದೇ ತೀರ್ಮಾನಿಸಿ ಒಳಗೆ ತೂರಿದರು. ನಾನು ನಕ್ಕೆನೇ ಹೊರತು ತಡೆಯಲಿಲ್ಲ.

ಅದು ಮನೆಯಲ್ಲ, ಗೋರಿ. ಬಂಡೆಯ ಮೇಲೆ ಅಗೆಯಲಾಗದೆಂದೋ ಏನೋ ಅಲ್ಲಿ ನೆಲದ ಮೇಲೆಯೇ ಕಟ್ಟಿದ್ದಾರೆ. ಮಣ್ಣಿದ್ದ ಕಡೆ ಅದೇ ಕಲ್ಲಿನ ಕೋಣೆ ನೆಲದೊಳಗೆ ಇಳಿಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ್ದು ಇಂತಹ ನೆಲಗೋರಿಗಳನ್ನು. ಗುಂಡಿಯಲ್ಲಿ ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಮಾದರಿಯಲ್ಲಿ, ಒಂದಕ್ಕೊಂದು ಆತುಕೊಳ್ಳುವಂತೆ ನಿಲ್ಲಿಸಿದ್ದರು. ಸುತ್ತಲಿನ ಮಣ್ಣು ಎಷ್ಟು ಒತ್ತಿದರೂ ಗೋಡೆ ಒಳಕ್ಕೆ ಬೀಳದು, ಒತ್ತಿದಷ್ಟೂ ಬಿಗಿಯಾಗುತ್ತದೆ. ಪೂರ್ವದ ಚಪ್ಪಡಿಯಲ್ಲಿ ಅದೇ ದುಂಡು ಕಿಂಡಿ. ಒಳಗೆ ಮಡಕೆಗಳು, ಕಬ್ಬಿಣದ ಆಯುಧಗಳು, ಒಬ್ಬರಿಗಿಂತ ಹೆಚ್ಚು ಮಂದಿಯ ಮೂಳೆಗಳು. ಸತ್ತವರನ್ನು ಬೇರೆಡೆ ಇರಿಸಿ, ಉಳಿದ ಮೂಳೆಗಳನ್ನು ಆಯ್ದು ತಂದು ಹಿರಿಯರ ಜೊತೆ ಸೇರಿಸುತ್ತಿದ್ದರೆಂದು ತೋರುತ್ತದೆ. ಅಸ್ಥಿಯನ್ನು ಕಾವೇರಿಗೆ ಒಯ್ಯುವ ನಮಗೆ ಇದು ತೀರ ಅಪರಿಚಿತವೇನಲ್ಲ.

ಪ್ರವಾಸದ ಮರುದಿನ ಒಬ್ಬ ಹುಡುಗ ಈ ಚೂರನ್ನು ತಂದು ನನ್ನ ಮೇಜಿನ ಮೇಲಿಟ್ಟ. ನಾನು ಅವನ ಬೆನ್ನು ತಟ್ಟಿದೆ! ಹಲವಾರು ವರ್ಷ ಅದನ್ನು ತರಗತಿಗೆ ಒಯ್ದು ತೋರಿಸಿ ಪಾಠ ಮಾಡಿದೆ. ನಿವೃತ್ತನಾದಾಗ ಪುಸ್ತಕಗಳ ಜೊತೆಗೆ ಅದೂ ಮನೆಗೆ ಬಂತು.

2022ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈ ಅಗೆತದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು ತಿಳಿದುಬಂದಿತ್ತು. ನಾನು ಓದಿಸಿದ ಪಠ್ಯಪುಸ್ತಕಗಳಲ್ಲಿ ಇದ್ದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಮಿಗಿಲಾಗಿ ಹಳೆಯದು. ಅಷ್ಟು ದೊಡ್ಡ ಮಾತಿಗೆ ಆಧಾರ ಕದಡದ ಮಣ್ಣಪದರದಲ್ಲಿದ್ದ ಒಂದಿಷ್ಟು ಇಂಗಾಲ. ಯಾವ ಪದರ, ಎಷ್ಟು ಆಳ, ಪಕ್ಕದಲ್ಲಿ ಏನಿತ್ತು ಎಂಬುದನ್ನು ಬರೆದಿಟ್ಟಿದ್ದರಿಂದ ಆ ಇಂಗಾಲ ಸಾಕ್ಷಿಯಾಯಿತು. ಸುದ್ದಿ ಓದಿ ಮುಗಿಸಿ ಕಪಾಟಿನ ಕಡೆ ನೋಡಿದೆ.

ಈಗ ತಿರುನೆಲ್ವೇಲಿಯ ಆಚೆಯ ಆದಿಚ್ಚನಲ್ಲೂರಿನಲ್ಲಿ ಅಗೆದ ಗುಂಡಿಗಳ ಮೇಲೆ ಗಾಜಿನ ನೆಲ ಹಾಸಿದ್ದಾರೆ. ಪ್ರವಾಸಿಗರು ಮೇಲೆ ನಿಂತು, ಕೆಳಗೆ ಇದ್ದಲ್ಲೇ ಇರುವ ಶವಸಂಸ್ಕಾರದ ಮಣ್ಣಿನ ಗುಡಾಣಗಳನ್ನು ಕಾಣಬಹುದು. ಮಲ್ಲಚಂದ್ರದಲ್ಲಿ ಗಾಜಿಲ್ಲ. ಅಲ್ಲಿ ಕಲ್ಲಿಗೂ ನಮಗೂ ನಡುವೆ ಇರುವುದು ನಮ್ಮ ವಿವೇಕ ಮಾತ್ರ. ಸಂಘದ ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಅವರಿಗೆ ಇದು ಸ್ಮಶಾನವೆಂದು ತಿಳಿಸಿರಿ. ಚಪ್ಪಡಿ ಹತ್ತಿಸಬೇಡಿರಿ, ಕಿಂಡಿಯಲ್ಲಿ ತೂರಿಸಬೇಡಿರಿ, ಬರುವಾಗ ಜೇಬು ನೋಡಿರಿ.

ಕಳೆದ ವರ್ಷ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ. ಈಗ ಮೊಮ್ಮಕ್ಕಳಿರುವ ಮನುಷ್ಯ. ಚೂರನ್ನು ಎಲ್ಲಿಂದ ಎತ್ತಿದೆಯಪ್ಪಾ ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ಕಲ್ಮನೆಯ ಒಳಗೋ, ಇಳಿಯುವಾಗ ಕೆಳಗಿನ ಹೊಲದಲ್ಲೋ, ನೆನಪಿಲ್ಲ ಸಾರ್” ಎಂದ.