ಶೇಂಗಾ ಎಣ್ಣೆಯ ಸೂಜಿ: ಗಡಿನಾಡಿನ ಗರಡಿ ಮತ್ತು ಟೆಸ್ಟೋಸ್ಟೆರಾನ್ ಚಿಕಿತ್ಸೆಯ ಚರಿತ್ರೆ

ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜ ಆಡಳಿತದಲ್ಲಿ ಕೊಲ್ಹಾಪುರದ್ದು. ಅಲ್ಲಿನ ಎಷ್ಟೋ ಮನೆಗಳ ಮಾತು ಕನ್ನಡ. ಈ ಸೀಮೆಯ ಹುಡುಗರಿಗೆ ಮೈ ಕಟ್ಟುವುದೆಂದರೆ ತಾಲೀಮು, ದಂಡ-ಬೈಠಕ್, ಕೆಮ್ಮಣ್ಣಿನ ಕಣ. ಕುಸ್ತಿಗೆ ಶಾಹು ಮಹಾರಾಜರು ಕೊಟ್ಟ ಆಶ್ರಯದಿಂದ 1912ರ ಹೊತ್ತಿಗೆ ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಸಿದ್ಧವಾಯಿತು. 1959ರಲ್ಲಿ ಹಿಂದ್ ಕೇಸರಿ ಕುಸ್ತಿ ಪ್ರಶಸ್ತಿ ಗೆದ್ದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು. ಅವರು ಹೆಸರು ಮಾಡಿದ್ದು ಕೊಲ್ಹಾಪುರದಲ್ಲಿ. ಬಲ ಹೆಚ್ಚಿಸುವ ಔಷಧದ ಪ್ರಶ್ನೆ ಇಂಥ ನೆಲದಲ್ಲಿ ಜಿಮ್ ಬಂದ ಮೇಲೆ ಹುಟ್ಟಿದ್ದಲ್ಲ. ಅದರ ಬೇರು ಸಾವಿರ ವರ್ಷಕ್ಕೂ ಹಿಂದಿದೆ, ಅದರಲ್ಲಿ ಕನ್ನಡ ನಾಡಿಗೆ ತನ್ನದೇ ಒಂದು ನಿಲುವೂ ಇತ್ತು.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ವಾಜೀಕರಣ ಅಧ್ಯಾಯದಲ್ಲಿ ಹೋತದ ಬೀಜವನ್ನು ಹಿಪ್ಪಲಿ, ಉಪ್ಪು, ಹಾಲು, ತುಪ್ಪದೊಡನೆ ಪಾಕ ಮಾಡುವ ವಿಧಾನವಿದೆ. ಚರಕನೂ ಇಂಥ ಯೋಗಗಳನ್ನು ಹೇಳುತ್ತಾನೆ. ಪುರುಷತ್ವದ ಶಕ್ತಿ ವೃಷಣದಲ್ಲಿದೆ, ತಿಂದರೆ ಬರುತ್ತದೆ ಎಂಬುದು ಅವರ ತರ್ಕ. ಇದನ್ನು ಎಲ್ಲರೂ ಒಪ್ಪಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ವೈದ್ಯ ಉಗ್ರಾದಿತ್ಯ ತನ್ನ ಸಂಸ್ಕೃತ ಗ್ರಂಥ ‘ಕಲ್ಯಾಣಕಾರಕ’ದ ಕೊನೆಯಲ್ಲಿ ಔಷಧವಾಗಿ ಮಾಂಸ ಸಲ್ಲದೆಂದು ವಾದಿಸಿದ. ಆ ವಾದ ನೃಪತುಂಗನ ಆಸ್ಥಾನದಲ್ಲೇ ನಡೆಯಿತೆಂದು ಗ್ರಂಥ ಹೇಳುತ್ತದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ಬರೆದಾಗಲೂ ಮದ್ಯ, ಮಾಂಸ, ಮಧುಗಳನ್ನು ಹೊರಗಿಟ್ಟ. ಗಡಹಿಂಗ್ಲಜ, ನಿಪ್ಪಾಣಿ ಕಡೆಯ ಜೈನ, ಲಿಂಗಾಯತ ಮನೆಗಳಲ್ಲಿ ಹಾಲು, ತುಪ್ಪ, ಬದಾಮಿಯ ಖುರಾಕಿನ ಮೇಲೇ ಪೈಲ್ವಾನರನ್ನು ಬೆಳೆಸುವ ರೂಢಿಗೆ ಇಷ್ಟು ಹಳೆಯ ಬೌದ್ಧಿಕ ಬೆಂಬಲವಿದೆ ಎಂಬುದನ್ನು ನಮ್ಮ ಕುಸ್ತಿಯ ಚರಿತ್ರೆಕಾರರು ಗಮನಿಸಬೇಕು.

ಹೋತದ ಬೀಜದಿಂದ ನಿಜಕ್ಕೂ ಫಲ ಬರುತ್ತಿತ್ತೇ? ಹಾರ್ಮೋನಿನ ಮಟ್ಟಿಗೆ ಇಲ್ಲವೆಂದೇ ಹೇಳಬೇಕು. ವೃಷಣ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಕೂಡಿಡುವುದಿಲ್ಲ. ಹೊಟ್ಟೆಗೆ ಹೋದ ಅಲ್ಪಸ್ವಲ್ಪವನ್ನೂ ಯಕೃತ್ತು ಮೊದಲ ಸುತ್ತಿನಲ್ಲೇ ಮುರಿದುಹಾಕುತ್ತದೆ. 1889ರಲ್ಲಿ ಪ್ಯಾರಿಸ್ಸಿನಲ್ಲಿ 72ರ ವಯಸ್ಸಿನ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ನೀರುಸಾರವನ್ನು ತನಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಸಾರಿದ. ಟೆಸ್ಟೋಸ್ಟೆರಾನ್ ನೀರಿನಲ್ಲಿ ಸರಿಯಾಗಿ ಕರಗದು, ಆದ್ದರಿಂದ ಅವನ ಅನುಭವ ನಂಬಿಕೆಯ ಫಲ. ಆದರೂ ದೇಹದೊಳಗಿನ ಸ್ರಾವವೊಂದು ಔಷಧವಾಗಬಲ್ಲದೆಂಬ ಹುಡುಕಾಟಕ್ಕೆ ಅವನು ಬಲ ಕೊಟ್ಟ.

ಆ ಹುಡುಕಾಟ ಎಷ್ಟು ಕಷ್ಟದ್ದೆಂದರೆ, 1931ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬ್ಯೂಟೆನಾಂಟ್ ಸಾವಿರಾರು ಲೀಟರ್ ಮೂತ್ರ ಸಂಸ್ಕರಿಸಿ ಪಡೆದ ಆಂಡ್ರೊಸ್ಟೆರೋನ್ ಎಂಬ ಇನ್ನೊಂದು ಪುರುಷ ಹಾರ್ಮೋನು ಕೇವಲ 15 ಮಿಲಿಗ್ರಾಂ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕರ್ ತಂಡ ಹೋರಿಯ ವೃಷಣದಿಂದ ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿತು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಝಿಕಾ, ತಂತಮ್ಮ ಪ್ರಯೋಗಾಲಯಗಳಲ್ಲಿ, ಅದನ್ನು ಕೊಲೆಸ್ಟೆರಾಲಿನಿಂದ ಕೃತಕವಾಗಿ ತಯಾರಿಸಿದರು. 1939ರ ರಸಾಯನ ನೊಬೆಲ್ ಇಬ್ಬರಿಗೂ ಸಂದಿತು.

ನಮ್ಮ ದೃಷ್ಟಿಗೆ ಇನ್ನೂ ಮುಖ್ಯವಾದದ್ದು ಮುಂದಿನ ಹೆಜ್ಜೆ. 1940ರ ಹೊತ್ತಿಗೆ ಶಿಕಾಗೋದಲ್ಲಿ ಪರ್ಸಿ ಜೂಲಿಯನ್ ಸೋಯಾ ಎಣ್ಣೆಯ ಸ್ಟೆರಾಲುಗಳಿಂದ ಲೈಂಗಿಕ ಹಾರ್ಮೋನುಗಳನ್ನು ತಯಾರಿಸತೊಡಗಿದರು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಉಗ್ರಾದಿತ್ಯನ ‘ಕಲ್ಯಾಣಕಾರಕ’ ಸೊಲ್ಲಾಪುರದಲ್ಲಿ ಅಚ್ಚಾದದ್ದೂ 1940ರಲ್ಲೇ. ಮಾಂಸವಿಲ್ಲದೆ ಔಷಧವಾಗಬೇಕೆಂಬ ಹಳೆಯ ಹಟಕ್ಕೆ ರಸಾಯನಶಾಸ್ತ್ರ ಉತ್ತರ ಕೊಟ್ಟಂತಾಯಿತು. ಇಂದು ಗಡಹಿಂಗ್ಲಜ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಸೋಯಾಬೀನಿನಂಥದೇ ಕಾಳಿನ ಸ್ಟೆರಾಲು ಟೆಸ್ಟೋಸ್ಟೆರಾನಿನ ಕಚ್ಚಾವಸ್ತು. ಅಷ್ಟೇ ಅಲ್ಲ, ಸಸ್ಟನಾನ್ 250 ಎಂಬ ಸೂಜಿಮದ್ದಿನ ಒಂದು ಮಿಲಿಲೀಟರ್ ಸೀಸೆಯಲ್ಲಿ ಪ್ರೊಪಿಯೋನೇಟ್ 30, ಫಿನೈಲ್‌ಪ್ರೊಪಿಯೋನೇಟ್ 60, ಐಸೋಕ್ಯಾಪ್ರೊಯೇಟ್ 60, ಡೆಕನೋಯೇಟ್ 100 ಮಿಲಿಗ್ರಾಂ, ಹೀಗೆ ಟೆಸ್ಟೋಸ್ಟೆರಾನಿನ ನಾಲ್ಕು ಎಸ್ಟರು ರೂಪಗಳು ಶೇಂಗಾ ಎಣ್ಣೆಯಲ್ಲಿ ಕರಗಿರುತ್ತವೆ. ಎಣ್ಣೆ ಸ್ನಾಯುವಿನಲ್ಲಿ ನಿಂತು ಔಷಧವನ್ನು ಮೆಲ್ಲಗೆ ಬಿಡುತ್ತದೆ, ಹಾಗಾಗಿ ಸುಮಾರು ಮೂರು ವಾರಕ್ಕೊಂದು ಚುಚ್ಚುಮದ್ದು ಸಾಕು. ಶೇಂಗಾ ಒಗ್ಗದವರಿಗೆ ಇದನ್ನು ಕೊಡುವಂತಿಲ್ಲ.

ಚಿಕಿತ್ಸೆಯಾಗಿ ಈ ದ್ರವ್ಯಗಳು ಮಾಡಿದ ಉಪಕಾರ ದೊಡ್ಡದು. ವೃಷಣ ಅಥವಾ ಪಿಟ್ಯುಟರಿ ಕೆಟ್ಟವರಿಗೆ, ಪ್ರಾಯ ತಡವಾದ ಹುಡುಗರಿಗೆ ಟೆಸ್ಟೋಸ್ಟೆರಾನ್ ಇಂದಿಗೂ ಸರಿಯಾದ ಔಷಧ. ಅಸ್ಥಿಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುವ ಅಪ್ಲಾಸ್ಟಿಕ್ ಅನೀಮಿಯಾದ ಮಕ್ಕಳಿಗೆ 1950ರ ದಶಕದ ಕೊನೆಯಲ್ಲಿ ಶಾಹಿದಿ ಮತ್ತು ಡೈಮಂಡ್ ಇದನ್ನೇ ಕೊಟ್ಟು ಕೆಲವರನ್ನು ಉಳಿಸಿದರು. ದುಬಾರಿ ಚಿಕಿತ್ಸೆ ಕೈಗೆಟುಕದ ಇಂಥ ರೋಗಿಗಳಿಗೆ ನಮ್ಮ ದೇಶದಲ್ಲಿ ಇದೇ ಬಳಗದ ಸ್ಟ್ಯಾನೊಜೊಲಾಲ್, ಡನಜೋಲ್ ಈಗಲೂ ಬಳಕೆಯಲ್ಲಿವೆ. 1989ರಲ್ಲಿ ರಕ್ತ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಮಾರುಕಟ್ಟೆಗೆ ಬರುವ ತನಕ ಕಿಡ್ನಿ ಕೆಟ್ಟವರ ರಕ್ತಹೀನತೆಗೆ ಇದೇ ಬಳಗದ ನ್ಯಾಂಡ್ರೊಲೋನ್ ಒಂದು ಆಸರೆಯಾಗಿತ್ತು.

ಕ್ರೀಡೆಗೆ ಈ ಸ್ಟೆರಾಯ್ಡುಗಳು ನುಸುಳಿದ ಕಥೆ ಎಲ್ಲರಿಗೂ ಗೊತ್ತು: 1958ರಲ್ಲಿ ಸೀಬಾ ಕಂಪನಿಯ ಡಯನಬಾಲ್ ಮಾತ್ರೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಇವುಗಳ ಮೊದಲ ಪರೀಕ್ಷೆ, 1988ರಲ್ಲಿ ಸಿಕ್ಕಿಬಿದ್ದ ಓಟಗಾರ ಬೆನ್ ಜಾನ್ಸನ್. ನಮ್ಮಲ್ಲಿ ರಾಷ್ಟ್ರೀಯ ಡೋಪಿಂಗ್ ತಡೆ ಕಾಯ್ದೆ ಬಂದದ್ದು 2022ರಲ್ಲಿ. ಈ ಔಷಧಗಳು ಷೆಡ್ಯೂಲ್ ಎಚ್‌ಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಉಗ್ರಾದಿತ್ಯನ ಕಾಲಕ್ಕೆ ಬಲದ ಮದ್ದು ಯಾವುದರಿಂದ ಬಂತೆಂಬುದು ಪ್ರಶ್ನೆಯಾಗಿತ್ತು. ಈಗ ಎಷ್ಟು, ಯಾರಿಗೆ ಎಂಬುದೇ ಪ್ರಶ್ನೆ. ಸಸ್ಯಮೂಲದ್ದಾದ ಮಾತ್ರಕ್ಕೆ ಅದು ನಿರಪಾಯವಲ್ಲ. ಗಂಡಸಿನ ದೇಹ ದಿನಕ್ಕೆ ತಯಾರಿಸುವುದು 3ರಿಂದ 10 ಮಿಲಿಗ್ರಾಂ. ಹೊರಗಿನಿಂದ ಬಂದರೆ ಮೆದುಳು ವೃಷಣಕ್ಕೆ ಕಳಿಸುವ ಆಜ್ಞೆಯನ್ನೇ ನಿಲ್ಲಿಸುತ್ತದೆ. 1990ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಆರೋಗ್ಯವಂತ ಪುರುಷರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲವಾಯಿತು. ಅದನ್ನು ಅಲ್ಲಿ ಪರೀಕ್ಷಿಸಿದ್ದೇ ಸಂತಾನ ನಿಯಂತ್ರಣದ ಸಾಧನವಾಗಿ. ಗಂಡಸುತನ ಹೆಚ್ಚುತ್ತದೆಂದು ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವ ಹುಡುಗನಿಗೆ ಇದನ್ನು ಹೇಳುವವರು ಬೇಕು. ಬಾಯಿಂದ ನುಂಗುವ ಸ್ಟ್ಯಾನೊಜೊಲಾಲಿನಂಥ ಮಾತ್ರೆಗಳಿಂದ ಯಕೃತ್ತಿಗೆ ಬೇರೆಯೇ ಪೆಟ್ಟಿದೆ.

ಆದ್ದರಿಂದ ಗಡಹಿಂಗ್ಲಜದಿಂದ ಚಿಕ್ಕೋಡಿಯವರೆಗಿನ ತಾಲೀಮಿನ ಉಸ್ತಾದರಲ್ಲಿ, ಜಿಮ್ ನಡೆಸುವವರಲ್ಲಿ ಒಂದು ವಿನಂತಿ: ಸುಸ್ತು, ನಿಶ್ಶಕ್ತಿ ಎನ್ನುವ ಹುಡುಗನನ್ನು ಮೊದಲು ವೈದ್ಯರ ಬಳಿ ಕಳಿಸಿ. ಬೆಳಗಿನ ಹೊತ್ತು ಬೇರೆ ಬೇರೆ ದಿನ ಎರಡು ಸಲ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಿದ್ದರೆ ಮಾತ್ರ ಚಿಕಿತ್ಸೆಯ ಮಾತು. ಮಕ್ಕಳು ಬೇಕೆನ್ನುವವನು ಸೂಜಿ ಹಾಕಿಸಿಕೊಳ್ಳುವ ಮುನ್ನವೇ ಅದನ್ನು ವೈದ್ಯರಿಗೆ ತಿಳಿಸಬೇಕು. ನಿಂತ ವೀರ್ಯಾಣು ಉತ್ಪತ್ತಿ ಮರಳಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.