ಜೀವವಿಜ್ಞಾನಿಗಳಿಗಾಗಿ ತಂತ್ರಾಂಶ: ಬೆಂಗಳೂರಿನ ಎರಡು ಪ್ರಯತ್ನ

ವಿಜ್ಞಾನಿಗಳು ಬಳಸುವ ತಂತ್ರಾಂಶವನ್ನು ಬಹುಕಾಲ ಅವರೇ ಬರೆದುಕೊಳ್ಳುತ್ತಿದ್ದರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾವ ಮುಂದಿಟ್ಟದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಭೌತವಿಜ್ಞಾನಿಗಳ ಮಾಹಿತಿ ಚದುರಿಹೋಗದಿರಲೆಂದು. ಜೀವವಿಜ್ಞಾನದಲ್ಲಿ ಈ ಸ್ವಾವಲಂಬನೆ ನಡೆಯಲಿಲ್ಲ. ಒಂದೇ ಫಲಕದ ಮೇಲೆ ಸಾವಿರಾರು ಜೀನುಗಳ ಚಟುವಟಿಕೆ ಅಳೆಯುವ ಮೈಕ್ರೊಅರೇ ಬಂದಾಗ ಅಂಕಿಗಳು ರಾಶಿ ಬಿದ್ದವು. ಜೀವಕೋಶವನ್ನು ಬಲ್ಲವರಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ.

ಮಾನವ ಜೀನೋಮಿನ ಕರಡು ಸಿದ್ಧವಾಯಿತೆಂದು ಘೋಷಿಸಲಾದ 2000ದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಬೆಂಗಳೂರಿನಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಆರಂಭಿಸಿದರು. ಅವರು ಗಣಕವಿಜ್ಞಾನದವರು, ಬಳಸುವವರು ಜೀವವಿಜ್ಞಾನಿಗಳು. ಈ ಅಂತರವನ್ನು ತುಂಬಲು ಅವರು ರೂಪಿಸಿದ್ದು ‘ಅವಾಡಿಸ್’. ಇದರಲ್ಲಿ ಒಂದು ನಕ್ಷೆಯಲ್ಲಿ ಕೆಲವು ಜೀನುಗಳನ್ನು ಸುತ್ತುಹಾಕಿದರೆ ಪಟ್ಟಿಯಲ್ಲೂ ಉಳಿದ ನಕ್ಷೆಗಳಲ್ಲೂ ಅವೇ ಎದ್ದು ಕಾಣುತ್ತವೆ. ‘ಈ ಗುಂಪು ಬೇರೆಡೆ ಹೇಗೆ ವರ್ತಿಸುತ್ತದೆ?’ ಎಂಬುದು ಪ್ರಯೋಗಾಲಯದವರ ಪ್ರಶ್ನೆ. ಅದಕ್ಕೆ ಉತ್ತರ ಒಂದು ಸಾಲು ಪ್ರೋಗ್ರಾಂ ಇಲ್ಲದೆ ಕಣ್ಣಿಗೇ ಸಿಕ್ಕಿತು. ಮುಂದೆ ಅಜಿಲೆಂಟ್ ಕಂಪನಿಯ ಹೆಸರಾಂತ ಜೀನ್‌ಸ್ಪ್ರಿಂಗ್ ತಂತ್ರಾಂಶಕ್ಕೂ ಅವಾಡಿಸ್ ತಳಹದಿಯಾಯಿತು.

ಎರಡನೆಯ ಪ್ರಯತ್ನ ಕಾಡುಮೇಡಿನದು. ರಾಷ್ಟ್ರೀಯ ಜ್ಞಾನ ಆಯೋಗದ ಪ್ರೇರಣೆಯಿಂದ 2008ರಲ್ಲಿ ದೇಶದ ಜೀವಿಗಳ ಮಾಹಿತಿ ಕೂಡಿಸುವ ಜಾಲತಾಣ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಶುರುವಾಯಿತು. ಸ್ಟ್ರ್ಯಾಂಡ್‌ನ ಎಂಜಿನಿಯರುಗಳ ಜೊತೆ ಬೆಂಗಳೂರಿನ ಏಟ್ರೀ, ಪುದುಚೇರಿಯ ಫ್ರೆಂಚ್ ಸಂಸ್ಥೆಯಂಥ ಕಡೆಯ ಪರಿಸರ ವಿಜ್ಞಾನಿಗಳೂ ಕೂಡಿದರು. ಕ್ಷೇತ್ರಕಾರ್ಯ ಮಾಡಿದವರ ಅನುಭವ ಇದರಲ್ಲಿ ಎದ್ದು ತೋರುತ್ತದೆ: ಕಂಡ ಜೀವಿಯ ಹೆಸರು ಗೊತ್ತಿಲ್ಲದಿದ್ದರೂ ಚಿತ್ರ, ಜಾಗ, ದಿನಾಂಕ ಸೇರಿಸಬಹುದು, ಹೆಸರನ್ನು ಬಲ್ಲವರು ಆಮೇಲೆ ಸೂಚಿಸುತ್ತಾರೆ. ಹೆಸರು ಕಡ್ಡಾಯ ಎಂದಿದ್ದರೆ ಎಷ್ಟೋ ದಾಖಲೆಗಳು ಕ್ಯಾಮೆರಾದಲ್ಲೇ ಉಳಿಯುತ್ತಿದ್ದವು. 2014ರ ಏಪ್ರಿಲ್‌ನಲ್ಲಿ ನಡೆದ ಊರ ಮರಗಳ ಅಭಿಯಾನದಲ್ಲಿ ದೇಶದ ಸಾಮಾನ್ಯ ಜನರೂ ಇದೇ ವ್ಯವಸ್ಥೆಯನ್ನು ಬಳಸಿದರು.

ಬಳಸುವವರನ್ನು ಅರಿತು ತಂತ್ರಾಂಶ ಮಾಡುವ ಈ ಪಾಠ ಬೆಂಗಳೂರಿನಾಚೆಗೂ ಸಲ್ಲುತ್ತದೆ. ಬೀದರಿನಲ್ಲಿ 2004ರಿಂದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ದೇವಣಿ ತಳಿಯ ದನಗಳಿಗೆ ಈ ಸೀಮೆ ತವರು. ಅವುಗಳ ಹಾಲು, ಕರು, ರೋಗದ ದಾಖಲೆಗೆ ತಂತ್ರಾಂಶ ಮಾಡಹೊರಟವರು ಕೊಟ್ಟಿಗೆಯಲ್ಲಿ ನಿಂತು ಬರೆದುಕೊಳ್ಳುವ ಪಶುವೈದ್ಯರನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಬೇಕು.