ಆಯಸ್ಕಾಂತ, ಟಾರ್ಚು ಮತ್ತು ಒಂದು ಹಳೇ ಜಾಗ್ವಾರ್

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆಯ್ತು. ಆನ್‌ಸೈಟ್ ಅಂತ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಕೂತಿದ್ದೀನಿ. ಇಲ್ಲಿನ ಮಳೆ, ಚಳಿ, ಅನ್ನ ಸಾರು ಮಾಡಿಕೊಳ್ಳೋ ಪಾಡು ಎಲ್ಲ ಇನ್ನೊಂದು ಸಲ ಬರೀತೀನಿ. ಇವತ್ತಿನ ಕಥೆ ಒಂದು ಕಾರಿನದು.

ನಮ್ಮ ಟೀಮಿನಲ್ಲಿ ಒಬ್ಬರು ಹಿರಿಯರಿದ್ದಾರೆ. ರಿಟೈರ್ ಆಗೋಕೆ ಇನ್ನೇನು ಎರಡು ವರ್ಷ. ಹೆಸರು ಬೇಡ, ಯಜಮಾನರು ಅಂತ ಕರೆಯೋಣ. ಅವರಿಗೆ ಹುಡುಗರಾಗಿದ್ದಾಗಿನಿಂದ ಒಂದೇ ಆಸೆ, ಜಾಗ್ವಾರ್ ಇ-ಟೈಪ್ ಕೊಳ್ಳಬೇಕು ಅಂತ. ಕೊಂಡು ಶೆಡ್ಡಿನಲ್ಲಿ ಬಟ್ಟೆ ಮುಚ್ಚಿ ಇಡೋಕಲ್ಲ, ಓಡಿಸೋಕೆ. ಹಾಗಂತ ಓಡಿಸಿ ಓಡಿಸಿ ಹಾಳು ಮಾಡೋದೂ ಬೇಡ. "ನನ್ನ ನಂತರ ಇನ್ನೊಬ್ಬರ ಕೈಗೆ ಹೋಗುವಾಗಲೂ ಅದು ಇ-ಟೈಪ್ ಆಗಿಯೇ ಇರಬೇಕು" ಅನ್ನೋದು ಅವರ ಮಾತು.

ಒಂದು ಶನಿವಾರ ಕಾರು ನೋಡೋಕೆ ನನ್ನನ್ನೂ ಕರ್ಕೊಂಡು ಹೋದರು. ನಾನೋ, ಕಾರು ನೋಡೋದು ಅಂದ್ರೆ ಸುತ್ತ ಒಂದು ರೌಂಡ್ ಹಾಕಿ, ಟೈರಿಗೆ ಒದ್ದು, "ಎಷ್ಟು ಕೊಡುತ್ತೆ?" ಅಂತ ಕೇಳೋದು ಅಂದುಕೊಂಡಿದ್ದೆ :) ಯಜಮಾನರ ಜೇಬಿನಲ್ಲಿದ್ದದ್ದು ಒಂದು ಟಾರ್ಚು, ಮೆತ್ತನೆ ಬಟ್ಟೆ ಸುತ್ತಿದ ಒಂದು ಆಯಸ್ಕಾಂತ, ಮತ್ತೆ ಒಂದು ನೋಟ್ ಪುಸ್ತಕ. ಅವು ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಇತಿಹಾಸ ಬೇಕು.

1961ರ ಮಾರ್ಚ್. ಜಿನೀವಾದಲ್ಲಿ ಮೋಟಾರ್ ಶೋ. ಜಾಗ್ವಾರ್ ಕಂಪನಿಯ ಒಡೆಯ ಸರ್ ವಿಲಿಯಂ ಲಯನ್ಸ್ ಅಲ್ಲಿ ಇ-ಟೈಪನ್ನು ಮೊದಲ ಸಲ ಲೋಕಕ್ಕೆ ತೋರಿಸಿದರು. ಆ ಕಾರು, ನಂಬರ್ 9600 ಎಚ್‌ಪಿ, ಕೊವೆಂಟ್ರಿಯಿಂದ ಜಿನೀವಾಗೆ ರಸ್ತೆಯಲ್ಲೇ ಓಡಿಕೊಂಡು ಹೋಗಿತ್ತು. ಜನ ಮುಗಿಬಿದ್ದರು. ಒಂದು ರೌಂಡ್ ಕೂರಿಸಿ ಅಂತ ಕೇಳುವವರ ಸಾಲು ಕರಗಲೇ ಇಲ್ಲ. ಇನ್ನೊಂದು ಕಾರು ಬೇಕು ಅಂತ ಲಯನ್ಸ್ ಅವರಿಂದ ಕೊವೆಂಟ್ರಿಗೆ ಕರೆ ಬಂತು. ಕಂಪನಿಯ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್, 77 ಆರ್‌ಡಬ್ಲ್ಯೂ ಅನ್ನೋ ತೆರೆದ ಮೈಯ ಇ-ಟೈಪ್ ಹತ್ತಿ, ರಾತ್ರಿಯಿಡೀ ಓಡಿಸಿ, ಸಮುದ್ರ ದಾಟಿ, ಬೆಳಿಗ್ಗೆ ಜಿನೀವಾ ಸೇರಿದರು. ತಲುಪಿದ ಮೇಲೆ ಮಲಗೋಕೂ ಬಿಡಲಿಲ್ಲ, ಅದೇ ಕಾರಿನಲ್ಲಿ ಜನರನ್ನ ಕೂರಿಸಿಕೊಂಡು ಮತ್ತೆ ಸುತ್ತಿಸಬೇಕಾಯ್ತು. ಪ್ರೊಡಕ್ಷನ್ ರಿಲೀಸ್ ರಾತ್ರಿಗಳನ್ನು ಕಂಡ ನಮ್ಮಂಥವರಿಗೆ ಈ ಕಥೆ ಕೇಳಿದರೆ ಕರುಳು ಚುರುಕ್ ಅನ್ನುತ್ತೆ.

ಅಷ್ಟೊಂದು ಗಲಾಟೆ ಯಾಕೆ? ಬೆಲೆ ಒಂದು ಕಾರಣ. ಇಂಗ್ಲೆಂಡಿನಲ್ಲಿ ತೆರಿಗೆ ಸೇರಿ ಸುಮಾರು 2,100 ಪೌಂಡ್. ಆಗಿನ ಆಸ್ಟನ್ ಮಾರ್ಟಿನ್ ಡಿಬಿ4ಗೆ ಹೆಚ್ಚುಕಡಿಮೆ ಇದರ ಎರಡು ಪಟ್ಟು ಕೊಡಬೇಕಿತ್ತು. ಆ ದುಡ್ಡಿಗೆ ಇಲ್ಲಿ ಸಿಗುತ್ತಿದ್ದದ್ದು 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್, ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್. ಪತ್ರಿಕೆಯವರ ಪರೀಕ್ಷೆಯಲ್ಲಿ ಗಂಟೆಗೆ 150 ಮೈಲಿ ಮುಟ್ಟಿತು. ಪರೀಕ್ಷೆಗೆ ಕೊಟ್ಟ ಕಾರನ್ನು ಕಂಪನಿಯವರು ಚೆನ್ನಾಗಿ ತೀಡಿ ಕೊಟ್ಟಿದ್ದರು ಅನ್ನೋದು ಬೇರೆ ಮಾತು. ಶೋರೂಮಿನಿಂದ ಜನ ತಂದದ್ದು ಅಷ್ಟು ಓಡುತ್ತಿರಲಿಲ್ಲ. ಡೆಮೋ ಅಂದ್ರೆ ಎಲ್ಲ ಕಾಲದಲ್ಲೂ ಡೆಮೋನೇ!

ಇನ್ನೊಂದು ಕಾರಣ ಆ ಆಕಾರ. ಅದನ್ನು ಕೊಟ್ಟವರು ಮಾಲ್ಕಂ ಸೇಯರ್. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ಬಂದವರು. 1955, 56, 57 ಮೂರೂ ವರ್ಷ ಲೆ ಮಾನ್ ರೇಸ್ ಗೆದ್ದ ಡಿ-ಟೈಪ್ ಜಾಗ್ವಾರಿನ ಆಕಾರವೂ ಇವರದೇ. ಇವರು ಬಾನೆಟ್ಟಿನ ಒಂದೊಂದು ಬಳುಕನ್ನೂ ಗಣಿತದಲ್ಲಿ ಲೆಕ್ಕ ಹಾಕಿ ತೆಗೆದರು. ಕಂಪ್ಯೂಟರ್ ಇಲ್ಲ, ಕ್ಯಾಡ್ ಇಲ್ಲ. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ನಾನು ಬ್ಯಾಕ್ ಇಟ್ಟುಕೊಂಡಿದ್ದು ನೆನಪಾಗಿ ಸುಮ್ಮನಾದೆ.

ಈಗ ಆಯಸ್ಕಾಂತದ ವಿಷಯಕ್ಕೆ ಬರೋಣ. ಇ-ಟೈಪಿಗೆ ಲಾರಿಯ ಹಾಗೆ ಕೆಳಗೊಂದು ಚಾಸಿಸ್, ಮೇಲೊಂದು ಮೈ ಅಂತ ಇಲ್ಲ. ನಡುವಿನ ಭಾಗ ತಗಡನ್ನು ಮಡಿಸಿ ಬೆಸೆದ ಒಂದೇ ಪೆಟ್ಟಿಗೆ. ಅದರ ಮುಂದೆ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಬೋಲ್ಟ್ ಹಾಕಿ ಕೂರಿಸಿ, ಅದರೊಳಗೆ ಎಂಜಿನ್ ಇಟ್ಟಿದ್ದಾರೆ. ಹಗುರ, ಗಟ್ಟಿ. ಆದರೆ ಆ ಕಾಲದಲ್ಲಿ ತುಕ್ಕಿಗೆ ತಡೆ ಅಂತ ಮಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ಇಲ್ಲಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಎರಚೋ ಉಪ್ಪು, ಎರಡೂ ಸೇರಿ ಬಾಗಿಲ ಕೆಳಗಿನ ಪಟ್ಟಿ, ಕಾಲಡಿಯ ತಗಡು ಎಲ್ಲವನ್ನೂ ಒಳಗಿನಿಂದ ತಿಂದು ಹಾಕ್ತವೆ. ಬಾಗಿಲ ಕೆಳಗಿನ ಆ ಪಟ್ಟಿ ಅಂದಕ್ಕೆ ಇರೋದಲ್ಲ, ಕಾರಿನ ಬೆನ್ನುಮೂಳೆಯೇ ಅದು. ಆಸರೆ ಕೊಡದೆ ಅದನ್ನು ಕತ್ತರಿಸಿದರೆ ಕಾರು ನಡುವಲ್ಲಿ ಜೋತುಬಿದ್ದು, ಆಮೇಲೆ ಬಾಗಿಲುಗಳು ನೆಟ್ಟಗೆ ಮುಚ್ಚೋದೇ ಇಲ್ಲ. ಮಾರುವವರಲ್ಲಿ ಕೆಲವರು ತೂತಿಗೆ ಪುಟ್ಟಿ ಮೆತ್ತಿ ಮೇಲೆ ಹೊಳೆಯೋ ಬಣ್ಣ ಹೊಡೆದಿರ್ತಾರೆ. ಪುಟ್ಟಿಗೆ ಆಯಸ್ಕಾಂತ ಅಂಟಲ್ಲ! ಅದಕ್ಕೇ ಯಜಮಾನರು ಬಾಗಿಲ ಕೆಳಗೆಲ್ಲ ಅದನ್ನು ಹಿಡಿದು ನೋಡಿದ್ದು.

ನೋಟ್ ಪುಸ್ತಕ ನಂಬರಿಗೆ. ನಮ್ಮಲ್ಲಿ ಹಳೇ ಗಾಡಿ ಕೊಂಡವರಿಗೆ ಗೊತ್ತಿರುತ್ತೆ, ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರಲ್ಲ, ಆರ್‌ಟಿಓ ಕೆಲಸಕ್ಕೆ? ಇಲ್ಲೂ ಅದೇ ಭಕ್ತಿ. ಇ-ಟೈಪಿನ ಎಂಜಿನ್, ಗೇರ್‌ಬಾಕ್ಸ್, ಬಾಡಿ, ಚಾಸಿಸ್ ಎಲ್ಲಕ್ಕೂ ನಂಬರುಗಳಿವೆ. ಕಂಪನಿಯ ಹಳೇ ಲೆಡ್ಜರುಗಳು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟಿನ ಬಳಿ ಜೋಪಾನವಾಗಿವೆ. ದುಡ್ಡು ಕಟ್ಟಿದರೆ ಆ ಕಾರು ಕಾರ್ಖಾನೆಯಿಂದ ಯಾವ ದಿನ ಹೊರಟಿತು, ಯಾವ ಬಣ್ಣ, ಯಾವ ಡೀಲರಿಗೆ ಹೋಯ್ತು ಅಂತ ಸರ್ಟಿಫಿಕೇಟ್ ಕೊಡ್ತಾರೆ. ಕಾರಿನ ಜಾತಕ ಅನ್ನಿ. ಜಾತಕ ಕೂಡಿದರೆ ಬೆಲೆ ಏರುತ್ತೆ.

ಆದರೆ ಯಾವ ಇ-ಟೈಪ್ ಕೊಳ್ಳೋದು? ಮೊದಲ ಸುಮಾರು 500 ಕಾರುಗಳಿಗೆ ಬಾನೆಟ್ಟಿನ ಬೀಗ ಹೊರಗಿನಿಂದ ಇತ್ತು. 1962ರ ಆರಂಭದವರೆಗಿನ ಕಾರುಗಳಲ್ಲಿ ಕಾಲಿಡುವ ಜಾಗ ಚಪ್ಪಟೆ, ಉದ್ದ ಕಾಲಿನವರಿಗೆ ಹಿಂಸೆ. ಸಂಗ್ರಹಕಾರರು ಕೋಟಿ ಲೆಕ್ಕದಲ್ಲಿ ಹುಡುಕೋದು ಇಂಥವನ್ನೇ. ಓಡಿಸುವವರ ಲೆಕ್ಕ ಬೇರೆ. 3.8ರ ಗೇರ್‌ಬಾಕ್ಸ್ ಒರಟು, ಒಂದನೇ ಗೇರಿಗೆ ಸಿಂಕ್ರೋ ಇಲ್ಲ. 1964ರ ಅಕ್ಟೋಬರಿನಲ್ಲಿ ಬಂದ 4.2 ಲೀಟರಿನದಕ್ಕೆ ಒಳ್ಳೆ ಗೇರ್‌ಬಾಕ್ಸ್, ಒಳ್ಳೆ ಸೀಟು, ಒಳ್ಳೆ ಬ್ರೇಕು. ಆಮೇಲೆ ಅಮೆರಿಕದ ಸುರಕ್ಷತಾ ನಿಯಮಗಳಿಗೆ ತಲೆಬಾಗಿ ಹೆಡ್‌ಲೈಟಿನ ಗಾಜಿನ ಮುಚ್ಚಳ ಹೋಯ್ತು, 1968ರಲ್ಲಿ ಸೀರೀಸ್ 2 ಬಂತು, 1971ರಲ್ಲಿ 5.3 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್ ಬಂತು. ತಯಾರಿಕೆ ನಿಲ್ಲುವಷ್ಟರಲ್ಲಿ 72,000ಕ್ಕೂ ಹೆಚ್ಚು ಕಾರು ಆಗಿದ್ದವು, ಅದರಲ್ಲಿ ಬಹುಪಾಲು ಹೋದದ್ದು ಅಮೆರಿಕಕ್ಕೆ. ಅಂದರೆ ಇಟ್ಟುಕೊಳ್ಳೋಕೆ ಬೆಲೆಬಾಳೋದು ಒಂದು, ಓಡಿಸೋಕೆ ಸುಖವಾದದ್ದು ಇನ್ನೊಂದು. ಈ ಜಗಳ ಇ-ಟೈಪಿನ ಹುಟ್ಟಿನಿಂದಲೇ ಬಂದದ್ದು.

ಉಳಿಸೋದು ಅಂದ್ರೆ ಏನು ಅನ್ನೋದಕ್ಕೆ ಯಜಮಾನರು ಎರಡು ಕಥೆ ಹೇಳಿದರು. 1963-64ರಲ್ಲಿ ರೇಸಿಗೆಂದು ಅಲ್ಯೂಮಿನಿಯಂ ಮೈಯ 'ಲೈಟ್‌ವೇಟ್' ಇ-ಟೈಪ್ ಹದಿನೆಂಟು ಮಾಡ್ತೀವಿ ಅಂತ ಹೊರಟು ಹನ್ನೆರಡೇ ಮಾಡಿದ್ದರು. ಉಳಿದ ಆರು ನಂಬರುಗಳನ್ನು ಮುಗಿಸ್ತೀವಿ ಅಂತ 2014ರಲ್ಲಿ ಕಂಪನಿ (ಆಗಲೇ ನಮ್ಮ ಟಾಟಾದವರು ಫೋರ್ಡಿನಿಂದ 2008ರಲ್ಲಿ ಕೊಂಡಾಗಿತ್ತು) ಹೊಸದಾಗಿ ಆರು ಕಾರು ಕಟ್ಟಿತು. ಅಚ್ಚುಕಟ್ಟಾದ ಕೆಲಸ, ಎರಡು ಮಾತಿಲ್ಲ.

ಇನ್ನೊಂದು, ಆ ಹನ್ನೆರಡರಲ್ಲಿ ಒಂದರ ಕಥೆ. ಜರ್ಮನಿಯ ಪೀಟರ್ ಲಿಂಡ್ನರ್ ಅದನ್ನು 1964ರ ಅಕ್ಟೋಬರಿನಲ್ಲಿ ಪ್ಯಾರಿಸ್ ಹತ್ತಿರದ ಮಾಂಟ್ಲೆರಿಯಲ್ಲಿ ಓಡಿಸುತ್ತಿದ್ದಾಗ ಭೀಕರ ಅಪಘಾತವಾಗಿ, ಅವರೂ ಇನ್ನೂ ಕೆಲವರೂ ಸತ್ತರು. ನುಜ್ಜುಗುಜ್ಜಾದ ಆ ಮೈ ದಶಕಗಟ್ಟಲೆ ಹಾಗೇ ಬಿದ್ದಿತ್ತು. ಹೊಸ ತಗಡು ತಂದು ಬಡಿದಿದ್ದರೆ ಎಷ್ಟೋ ಬೇಗ ಮುಗೀತಿತ್ತು. ಆದರೆ ಕೊನೆಗೆ ಕೈಗೆತ್ತಿಕೊಂಡವರು ಆ ಮುದುಡಿದ ಹಳೇ ಅಲ್ಯೂಮಿನಿಯಮ್ಮನ್ನೇ ಸಾವಿರಾರು ಗಂಟೆ ಕೂತು ತಟ್ಟಿ, ಬಿಡಿಸಿ, ನೆಟ್ಟಗೆ ಮಾಡಿ, ಅದನ್ನೇ ಮತ್ತೆ ಕಾರಿಗೆ ಕೂರಿಸಿದರು. ಹೊಸ ಆರು ಕಾರುಗಳಿಗೆ ಆಕಾರ ಇದೆ. ಇದಕ್ಕೆ ಆಕಾರದ ಜೊತೆ ನಡೆದದ್ದೆಲ್ಲದರ ಸಾಕ್ಷಿಯೂ ಇದೆ.

ಅವತ್ತು ನಾವು ನೋಡಿದ್ದು ಎರಡು ಕಾರು. ಮೊದಲನೆಯದು ಕೆಂಪು, ಕನ್ನಡಿ ಥರ ಹೊಳೀತಿತ್ತು. ಆಯಸ್ಕಾಂತ ಎರಡು ಕಡೆ ಕೆಳಗೆ ಬಿತ್ತು. ಜಾತಕದಲ್ಲಿ ಬಣ್ಣ ಬೇರೆ, ಎಂಜಿನ್ ನಂಬರೂ ಬೇರೆ. ಎರಡನೆಯದು 1966ರ 4.2. ಬಣ್ಣ ಮಾಸಿತ್ತು, ಸೀಟಿನ ಚರ್ಮ ಅಜ್ಜನ ಮುಖದಂತೆ ಸುಕ್ಕುಗಟ್ಟಿತ್ತು. ಆದರೆ ನಂಬರ್ ಎಲ್ಲ ಕೂಡುತ್ತಿದ್ದವು, ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೇ ಬಿಲ್ಲುಗಳು. ಯಜಮಾನರು ಇದನ್ನೇ ಕೊಂಡರು. ಬಣ್ಣ ಮುಟ್ಟಲಿಲ್ಲ, ಸೀಟು ಮುಟ್ಟಲಿಲ್ಲ. ಕೊಳೆತ ತಗಡಿನಷ್ಟನ್ನೇ ಬದಲಾಯಿಸಿ, ತೆಗೆದ ತುಂಡುಗಳಿಗೆ ಚೀಟಿ ಕಟ್ಟಿ ಡಬ್ಬದಲ್ಲಿಟ್ಟರು. ಹಳೇ ಕೋಡನ್ನು ಅಳಿಸದೆ ಹಳೇ ವರ್ಷನ್ ಉಳಿಸಿಕೊಳ್ತೀವಲ್ಲ, ಹಾಗೆ. ಬಿಸಿಲಿರೋ ಭಾನುವಾರ ತಪ್ಪದೆ ಓಡಿಸ್ತಾರೆ. "ನಿಂತ ಕಾರು ಓಡುವ ಕಾರಿಗಿಂತ ಬೇಗ ಸಾಯುತ್ತೆ" ಅಂತಾರೆ. ಸೀಲುಗಳು ಒಣಗ್ತವೆ, ಬ್ರೇಕ್ ಹಿಡ್ಕೊಳ್ಳುತ್ತೆ, ಪೆಟ್ರೋಲ್ ಹಳಸುತ್ತೆ.

ಇದನ್ನೆಲ್ಲ ಇಷ್ಟುದ್ದ ಬರೆದದ್ದಕ್ಕೆ ಕಾರಣ ಇದೆ. ಊರಲ್ಲಿ ಅಜ್ಜನ ಜಾವಾ ಇದೆ, ಮೈಸೂರಿನ ಕಾರ್ಖಾನೆಯದು, 1968ರದು. ಇಲ್ಲಿಗೆ ಬರುವ ಮುಂಚೆ ಅದನ್ನು "ಹೊಸದರ ಹಾಗೆ ಮಾಡಿ" ಅಂತ ಒಂದು ವರ್ಕ್‌ಶಾಪಿಗೆ ಬಿಟ್ಟು, ಅಡ್ವಾನ್ಸ್ ಕೊಟ್ಟು ಬಂದಿದ್ದೆ. ಎರಡನೇ ಕಾರು ನೋಡಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರಲ್ಲಿ ಬೆಳಗಾಗುವವರೆಗೂ ಕಾದು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಪೇಂಟಿಂಗ್ ನಿಲ್ಸೋಕೆ ಹೇಳಿ."

"ಟ್ಯಾಂಕು ಆಗ್ಲೇ ಉಜ್ಜಿಬಿಟ್ರಲ್ಲೋ" ಅಂದರು ಅಪ್ಪ.

ಆ ಟ್ಯಾಂಕಿನ ಮೇಲೆ ಅಜ್ಜ ಸಣ್ಣ ಕುಂಚದಲ್ಲಿ ತಾವೇ ಬರೆದುಕೊಂಡಿದ್ದ ಹೆಸರಿತ್ತು, ಸ್ವಲ್ಪ ಸೊಟ್ಟಗೆ. ಪಕ್ಕದ ರಬ್ಬರ್ ಪ್ಯಾಡುಗಳನ್ನೂ ಹಳೇದು ಅಂತ ಎಸೆದಿದ್ದರಂತೆ. ತಪ್ಪು ವರ್ಕ್‌ಶಾಪಿನವರದಲ್ಲ, ಹೊಸದರ ಹಾಗೆ ಅಂದವನು ನಾನೇ. ಎಂಜಿನ್ ಬಿಚ್ಚುವ ಮುಂಚೆ ಗಾಡಿ ಮನೆಗೆ ಬಂತು, ಅಷ್ಟೇ ಸಮಾಧಾನ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನಿಯಮ ತಂದಿದೆ. ಎಂಜಿನ್, ಚಾಸಿಸ್, ಬಾಡಿ ಮೂಲರೂಪದಲ್ಲಿದ್ದರೆ 20,000 ರೂಪಾಯಿ ಕಟ್ಟಿ 'ವಿಎ' ಸರಣಿಯ ನಂಬರ್ ಪಡೀಬಹುದು. ಅಜ್ಜನ ಜಾವಾಕ್ಕೆ ಈಗಲೂ ಸಿಗಬಹುದು. ಆದರೆ ಆಮೇಲೆ ಅದನ್ನು ದಿನಾ ರಸ್ತೆಗಿಳಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕಷ್ಟೇ. ಅಪ್ಪನಿಗೆ ಬೆಳಿಗ್ಗೆ ಅದರಲ್ಲೇ ಹಾಲು ತರೋಕೆ ಹೋಗಬೇಕು. ಸದ್ಯಕ್ಕೆ ಹಳೇ ಆರ್‌ಸಿಯನ್ನೇ ರಿನ್ಯೂ ಮಾಡಿಸಿದ್ದೀವಿ. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಒಂದು ಕೋಟ್ ಪ್ರೈಮರ್ ಹೊಡೆಸಿದ್ದೇವೆ, ಬೂದುಬಣ್ಣದ್ದು.

ಅದರ ಮೇಲೆ ಹೆಸರು ಬರೆಸೋಣವೇ ಅಂತ ಅಪ್ಪ ಕೇಳ್ತಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ನೀವಾಗಿದ್ರೆ ಏನು ಮಾಡ್ತಿದ್ರಿ?